ಹಳೆಯ ಪ್ರಸಂಗ, ಹೊಸ ಅರ್ಥ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ, ನೇತ್ರಾವತಿ ಕುಮಾರಧಾರೆಗಳೆರಡೂ ತುಂಬಿ ಹರಿಯುವ ಮಳೆಗಾಲದಲ್ಲಿ, ಉಪ್ಪಿನಂಗಡಿಯ ಸುತ್ತುಮುತ್ತ ತಾಳಮದ್ದಲೆಯ ಕೂಟಗಳು ನಡೆಯುವುದು ವಾಡಿಕೆ. 2025ರ ಮಳೆಗಾಲದಲ್ಲಿ ನಾವು ಅಂಥ ಕೂಟಗಳ ನಡುವೆ ಮತ್ತೊಂದು ಬಗೆಯ ಪಾತ್ರಧಾರಣೆಗೂ ಕುಳಿತೆವು. ಜಪಾನಿನ ‘ಡ್ರಾಗನ್ ಕ್ವೆಸ್ಟ್ 3’ ಎಂಬ ಹೆಸರಾಂತ ವಿಡಿಯೋ ಆಟದ ಹೊಸ ರೂಪವನ್ನು ಬಹುದಿನಗಳ ಬಯಕೆಯ ತರುವಾಯ ಕೊನೆಗೂ ಆಡಿ ಮುಗಿಸಿದೆವು. ಆಟದ ವಿಚಾರಕ್ಕೆ ವಿಜ್ಞಾನದ ಪತ್ರಿಕೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವುಂಟು.

ಮೂಲ ಆಟವು ಹೊರಬಂದದ್ದು 1988ರ ಫೆಬ್ರವರಿಯಲ್ಲಿ, ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಯಂತ್ರಕ್ಕಾಗಿ. ಹದಿನಾರನೆಯ ಹುಟ್ಟುಹಬ್ಬದ ಬೆಳಗ್ಗೆ ತಾಯಿಯು ಎಬ್ಬಿಸಿ ಅರಮನೆಗೆ ಕರೆದೊಯ್ಯುವಲ್ಲಿಂದ ಕಥೆಯ ಆರಂಭ. ತಂದೆ ಕೈಗೊಂಡು ಮುಗಿಸಲಾರದೆ ಹೋದ ಕಾರ್ಯವನ್ನು ಆಟಗಾರನು ಸಂಗಡಿಗರೊಡನೆ ಪೂರೈಸಬೇಕು. ಆ ಯಂತ್ರದ ಸ್ಮೃತಿಯಾದರೋ ಕೇವಲ 2 ಕಿಲೋಬೈಟ್. ಕಥೆ, ಚಿತ್ರ, ಸಂಗೀತಗಳೆಲ್ಲವೂ 256 ಕಿಲೋಬೈಟುಗಳಲ್ಲಿ ಅಡಗಬೇಕಿತ್ತು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರಕ್ಕೂ ಅಷ್ಟು ಸ್ಥಳ ಸಾಲದು. ಆದುದರಿಂದ 8 ಬಿಂದು ಅಗಲ, 8 ಬಿಂದು ಎತ್ತರದ ಸಣ್ಣ ತುಣುಕುಗಳನ್ನು ಮಾತ್ರ ಬರೆದಿಟ್ಟು, ಅವನ್ನೇ ಮತ್ತೆ ಮತ್ತೆ ಜೋಡಿಸಿ ಕಾಡು, ಕಡಲು, ಊರುಗಳನ್ನು ಕಟ್ಟಿದರು. ಇಷ್ಟಾದರೂ ಸ್ಥಳ ಸಾಲದೆ ಆಟದ ಮೊದಲ ಪುಟವನ್ನು ಕರಿಯ ತೆರೆಯ ಮೇಲೆ ಬರಿಯ ಹೆಸರಿನಿಂದ ಮುಗಿಸಿದರು.

ಹೊಸ ರೂಪವು 2024ರ ನವೆಂಬರಿನಲ್ಲಿ ಬಂದಿತು. ಇದರಲ್ಲಿ ಮರಕ್ಕೆ ನೆರಳುಂಟು, ನೀರಿಗೆ ಹೊಳಪುಂಟು, ಪಾತ್ರಗಳಿಗೆ ದನಿಯುಂಟು. ಹೋಗಬೇಕಾದ ಸ್ಥಳವನ್ನು ನಕಾಶೆಯೇ ತೋರಿಸುತ್ತದೆ; ಬೇಕೆಂದರೆ ಸಾವೇ ಇಲ್ಲದ ಸುಲಭ ಕ್ರಮವನ್ನೂ ಆರಿಸಿಕೊಳ್ಳಬಹುದು. ಮೂಲ ಆಟದ ಚಿತ್ರಕಾರ ಅಕಿರಾ ತೊರಿಯಾಮಾ, ಸಂಗೀತಕಾರ ಕೊಇಚಿ ಸುಗಿಯಾಮಾ ಇಬ್ಬರೂ ಇದು ಹೊರಬರುವ ಮೊದಲೇ ತೀರಿಕೊಂಡಿದ್ದರು. ಆದರೂ ಅವರ ಕೈಗುರುತು ಎದ್ದು ಕಾಣುತ್ತದೆ. ಇಂಥ ಪುನಾರಚನೆಗಳಿಂದ ಮೂಲದ ಸತ್ತ್ವ ಕೆಡುವುದೆಂದು ಆಕ್ಷೇಪಿಸುವವರುಂಟು. ನಾವು ಒಪ್ಪುವುದಿಲ್ಲ.

ತಾಳಮದ್ದಲೆಯನ್ನು ಬಲ್ಲವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟಿ ಪಾತ್ರವಾಗುತ್ತಾರೆ. ಪದ್ಯಗಳು ಅವೇ ಆದರೂ ನಿನ್ನೆಯ ವಾಲಿ ರಾಮನನ್ನು ಪ್ರಶ್ನಿಸುತ್ತ ಪ್ರಾಣ ಬಿಟ್ಟರೆ ಇಂದಿನ ವಾಲಿ ಕೈಮುಗಿದು ಬಿಡುತ್ತಾನೆ. ಪ್ರಸಂಗ ಕೆಟ್ಟಿತೆಂದು ಯಾರೂ ಎದ್ದುಹೋಗುವುದಿಲ್ಲ.

ಆದರೆ ಇಲ್ಲೊಂದು ಭೇದವುಂಟು. ನಮ್ಮ ಚಿಂತೆಗೆ ಕಾರಣವೂ ಅದೇ. ಅರ್ಥವು ಎಷ್ಟು ಬದಲಾದರೂ ಪ್ರಸಂಗದ ಪುಸ್ತಕ ಭಾಗವತರ ಮುಂದೆ ಇರುತ್ತದೆ. ಅಕ್ಷರ ಬಲ್ಲವರು ಯಾರೂ ಅದನ್ನು ತೆರೆದು ನೋಡಬಹುದು. ವಿಡಿಯೋ ಆಟದ ಮೂಲವನ್ನು ನೋಡಲು ಅಕ್ಷರಜ್ಞಾನ ಸಾಲದು, ಯಂತ್ರ ಬೇಕು. ಫ್ಯಾಮಿಕಾಮ್ ಯಂತ್ರದ ತಯಾರಿಕೆಯಾದರೋ 2003ರಲ್ಲಿ ನಿಂತುಹೋಯಿತು. ಆಟದ ಚಿಪ್ಪು ವಿದ್ಯುತ್ತಿಲ್ಲದೆಯೂ ತನ್ನ ಬರಹವನ್ನು ಉಳಿಸಿಕೊಳ್ಳುತ್ತದೆ ನಿಜ. ಆದರೆ ಆಡಿದವನ ಮುನ್ನಡೆಯ ದಾಖಲೆಯನ್ನು ಕಾಯುವುದು ಒಂದು ಪುಟ್ಟ ಬ್ಯಾಟರಿ. ಅದು ತೀರಿದಂದು ದಾಖಲೆಯೂ ಅಳಿಯುತ್ತದೆ. ಅಮೆರಿಕದಲ್ಲಿ 2010ಕ್ಕೆ ಮುನ್ನ ಹೊರಬಂದ ವಿಡಿಯೋ ಆಟಗಳಲ್ಲಿ ನೂರಕ್ಕೆ 87ರಷ್ಟು ಮಾರಾಟದಲ್ಲಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಪುನಾರಚನೆಯ ಭಾಗ್ಯ ಹೆಸರಾಂತ ಕೆಲವಕ್ಕೆ ಮಾತ್ರ.

ಇದು ದೂರದೇಶದ ಆಟದ ಮಾತೆಂದು ವಿದ್ಯಾರ್ಥಿಮಿತ್ರರು ತಳ್ಳಿಹಾಕಬಾರದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬೆರಳಚ್ಚು ಮಾಡಿದ ಕನ್ನಡ ಕಡತವನ್ನು ತಕ್ಕ ಫಾಂಟಿಲ್ಲದ ಗಣಕಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಜಪಾನಿನ ಸಂಸತ್ತಿನ ಗ್ರಂಥಾಲಯವು 2000ದಿಂದ ಪುಸ್ತಕಗಳಂತೆ ವಿಡಿಯೋ ಆಟಗಳನ್ನೂ ಸಂಗ್ರಹಿಸತೊಡಗಿತು. ಮುದ್ರಿತ ಪುಸ್ತಕದ ಪ್ರತಿಗಳನ್ನು ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ ಕಾಯಿದೆಯನ್ನು ನಮ್ಮ ದೇಶವು 1954ರಲ್ಲಿಯೇ ಮಾಡಿತು. ಆ ದೂರದೃಷ್ಟಿ ತಂತ್ರಾಂಶಗಳಿಗೂ ಆಟಗಳಿಗೂ ವಿಸ್ತರಿಸತಕ್ಕದ್ದು. ಹಳೆಯ ಯಂತ್ರದ ನಡೆಯನ್ನು ಹೊಸ ಯಂತ್ರದಲ್ಲಿ ಅನುಕರಿಸುವ ಎಮ್ಯುಲೇಟರುಗಳೂ ಗ್ರಂಥಾಲಯಗಳಲ್ಲಿರತಕ್ಕದ್ದು ಎಂದು ನಾವು ಭಾವಿಸುತ್ತೇವೆ.

ಕಾಯಿದೆಗಾಗಿ ಕಾಯದೆ ನಾವೂ ನೀವೂ ಮಾಡಬಹುದಾದ ಕೆಲಸವೊಂದುಂಟು. ಮನೆಯ ಅಟ್ಟದಲ್ಲಿ ಹಳೆಯ ಗಣಕಯಂತ್ರವೋ ಸಿ.ಡಿ.ಗಳೋ ಬಿದ್ದಿದ್ದರೆ, ಗುಜರಿಗೆ ಹಾಕುವ ಮುನ್ನ ಒಳಗಿನ ಬರಹ, ಚಿತ್ರ, ಧ್ವನಿಗಳನ್ನು ಪ್ರತಿ ಮಾಡಿಕೊಳ್ಳಿರಿ. ಯಾವ ವರ್ಷ, ಯಾವ ಯಂತ್ರ, ಯಾವ ತಂತ್ರಾಂಶವೆಂದು ಕಾಗದದ ಮೇಲೆ ಬರೆದಿಡಿರಿ. ನಮ್ಮ ಈ ಭಾಗದ ತೋಟದ ಮನೆಗಳಲ್ಲಿ ತೇವಕ್ಕೆ ಯಂತ್ರಗಳು ಬೇಗನೆ ತುಕ್ಕು ಹಿಡಿಯುತ್ತವೆ. ಆದ್ದರಿಂದ ಬರುವ ಮಳೆಗಾಲಕ್ಕೆ ಮೊದಲೇ ಈ ಕೆಲಸ ಮುಗಿದರೆ ಒಳ್ಳೆಯದು.