ಕೂಡುರಸ್ತೆಯಲ್ಲಿ ನಲವತ್ತು ವರ್ಷ

ಎಂಬತ್ತರ ದಶಕದ ನಡುಭಾಗದಲ್ಲಿ ಬೆಂಗಳೂರಿನ ರಸ್ತೆಗಳ ಕೆಲಸಕ್ಕೆ ಸೇರಿದ ಸಂಚಾರ ಎಂಜಿನಿಯರುಗಳ ತಲೆಮಾರು ಈಗ ನಿವೃತ್ತವಾಗಿದೆ. ಪಾಲಿಕೆ, ಬಿಡಿಎ, ಲೋಕೋಪಯೋಗಿ ಇಲಾಖೆ, ಖಾಸಗಿ ಸಲಹಾ ಸಂಸ್ಥೆಗಳು ಎಂದು ಅವರು ಹಂಚಿಹೋಗಿದ್ದರು. ಆದರೂ ಯಾರ ಸೇವಾವಿವರ ತೆರೆದರೂ ಕಾಮಗಾರಿಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ಮೊದಲು ಸರ್ಕಲ್ಲುಗಳ ಸುಧಾರಣೆ, ಆಮೇಲೆ ವರ್ತುಲ ರಸ್ತೆ, ಮೇಲ್ಸೇತುವೆ, ಏಕಮುಖ ಸಂಚಾರ, ಅಂಡರ್‌ಪಾಸ್, ಮೆಟ್ರೊ ಕಾಮಗಾರಿಗಾಗಿ ಮಾರ್ಗ ಬದಲಾವಣೆ, ಎಲ್ಲಕ್ಕಿಂತ ಕೊನೆಗೆ ಫುಟ್‌ಪಾತ್. ಇಸವಿಯ ಕ್ರಮದಲ್ಲಿ ಓದುತ್ತ ಹೋದರೆ ಅದು ಊರಿನದೇ ಚರಿತ್ರೆ. ನಡೆಯುವವರ ದಾರಿ ಆ ಪಟ್ಟಿಯ ತಳಕ್ಕೆ ಯಾಕೆ ಹೋಯಿತು ಎಂಬುದನ್ನು ಈಗಲಾದರೂ ಕೂತು ಯೋಚಿಸಬೇಕು.

ಅಂದಿನ ಊರು ನಮ್ಮಲ್ಲಿ ಅನೇಕರ ಕಣ್ಣಮುಂದೆ ಇನ್ನೂ ಇದೆ. ಬಿಟಿಎಸ್ ಬಸ್ಸುಗಳು, ನಡುವೆ ಒಂದೊಂದು ಡಬಲ್ ಡೆಕ್ಕರ್. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆ ತುಂಬುತ್ತಿದ್ದ ಸೈಕಲ್ಲುಗಳು, ಕಾರ್ಖಾನೆಗಳವೇ ಆದ ಬಸ್ಸುಗಳು. ಸರ್ಕಲ್ಲಿನ ಕಟ್ಟೆಯ ಮೇಲೆ ಕೊಡೆಯಡಿ ನಿಂತು ಕೈ ತೋರಿಸುತ್ತಿದ್ದ ಪೊಲೀಸು. 1981ರ ಜನಗಣತಿಯ ಪ್ರಕಾರ ನಗರದಲ್ಲಿದ್ದವರು 29 ಲಕ್ಷ ಜನ. ವಿಶ್ವೇಶ್ವರಯ್ಯನವರು ಕಟ್ಟಿದ ಕಾಲೇಜು, ಇಂದಿನ ಯುವಿಸಿಇ, ಹೆದ್ದಾರಿ ಎಂಜಿನಿಯರಿಂಗಿಗೆ ಹೆಸರಾಗಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ಸಿ.ಇ.ಜಿ. ಜಸ್ಟೋ ಅವರು ಎಸ್.ಕೆ. ಖನ್ನಾ ಅವರೊಂದಿಗೆ ಬರೆದ ಪಠ್ಯ ದೇಶದ ಸಿವಿಲ್ ವಿದ್ಯಾರ್ಥಿಗಳೆಲ್ಲರ ಕೈಯಲ್ಲಿತ್ತು. ‘ಖನ್ನಾ-ಜಸ್ಟೋ’ ಎಂದರೆ ಸಾಕು, ಪುಸ್ತಕದ ಹೆಸರು ಬೇಕಿರಲಿಲ್ಲ. ಒಳ್ಳೆಯ ಶಿಕ್ಷಣ ಪಡೆದು ಬಂದ ತಲೆಮಾರು ಅದು. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದೆ ಆದ ನಷ್ಟಗಳನ್ನೆಲ್ಲ ಎಂಜಿನಿಯರುಗಳ ಅಜ್ಞಾನದ ಲೆಕ್ಕಕ್ಕೆ ಬರೆಯುವ ರೂಢಿ ನಮ್ಮಲ್ಲಿದೆ.

ಹೊಸದಾಗಿ ಸೇರಿದವರ ಮೊದಲ ಕೆಲಸ ವಾಹನ ಗಣತಿ. ಜಂಕ್ಷನ್ನಿನ ಮೂಲೆಯಲ್ಲಿ ಹಲಗೆ ಹಿಡಿದು ಕೂತು, ಯಾವ ದಿಕ್ಕಿನಿಂದ ಬಂದ ಯಾವ ಬಗೆಯ ವಾಹನ ಯಾವ ಕಡೆಗೆ ತಿರುಗಿತು ಎಂದು ನಾಲ್ಕು ಗೆರೆ ಎಳೆದು ಐದನೆಯದರಿಂದ ಅಡ್ಡ ಹೊಡೆಯುತ್ತ ಹೋಗಬೇಕು. ಆ ಗೆರೆಗಳನ್ನು ಪಿಸಿಯು ಎಂಬ ಒಂದೇ ಮಾನಕ್ಕೆ, ಅಂದರೆ ಕಾರಿನ ಲೆಕ್ಕಕ್ಕೆ, ಇಳಿಸುವುದು ಮುಂದಿನ ಹಂತ. ಭಾರತೀಯ ರಸ್ತೆ ಕಾಂಗ್ರೆಸ್ 1990ರಲ್ಲಿ ನಗರ ರಸ್ತೆಗಳಿಗಾಗಿ ಕೊಟ್ಟ ಮಾರ್ಗಸೂಚಿಯಲ್ಲಿ ಕಾರಿಗೆ 1; ಒಟ್ಟು ಸಂಚಾರದಲ್ಲಿ ತಮ್ಮ ಪಾಲು ಕಡಿಮೆಯಿರುವಾಗ ಸ್ಕೂಟರಿಗೆ 0.5, ಸೈಕಲ್ಲಿಗೆ 0.4, ಆಟೊಗೆ 1.2, ಬಸ್ಸಿಗೆ 2.2. ಬಸ್ಸುಗಳ ಪಾಲು ಏರಿದರೆ ಅವುಗಳ ಅಂಕ 3.7. ಅರವತ್ತು ಜನರನ್ನು ಹೊತ್ತ ಬಸ್ಸು ಆ ಹಾಳೆಯ ಮೇಲೆ ಎರಡು ಮೂರು ಕಾರಿನಷ್ಟು ಜಾಗ ತಿನ್ನುವ ಅಡಚಣೆಯಾಗಿ ಕಾಣುತ್ತಿತ್ತು. ಒಳಗೆ ಕೂತವರು, ಫುಟ್‌ಬೋರ್ಡಿನ ಮೇಲೆ ನಿಂತವರು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ನಡೆಯುವವನಿಗಂತೂ ಆ ಕೋಷ್ಟಕದಲ್ಲಿ ಸಾಲೇ ಇಲ್ಲ. ಆ ಅಂಕಗಳು ಸುಳ್ಳಲ್ಲ. ಡಾಂಬರಿನ ಮೇಲಿನ ಜಾಗವನ್ನು ಅಳೆಯಲು ಅವು ಬೇಕೇ ಬೇಕು. ಊರಿಗೆ ಏನು ಬೇಕು ಎಂಬುದನ್ನೂ ಅದೇ ಅಂಕಗಳಿಂದ ತೀರ್ಮಾನಿಸಹೊರಟಾಗ ಅನರ್ಥ ಶುರುವಾಯಿತು.

ಸಿಗ್ನಲ್ಲಿನ ಲೆಕ್ಕವೂ ಹೀಗೆಯೇ. ಇಂಗ್ಲೆಂಡಿನ ಎಫ್.ವಿ. ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಮ್ಮ ಪಠ್ಯದಲ್ಲಿದೆ. ಪ್ರತಿ ದಿಕ್ಕಿನ ಹರಿವನ್ನು ಆ ದಾರಿಯ ಗರಿಷ್ಠ ಸಾಮರ್ಥ್ಯಕ್ಕೆ ಹೋಲಿಸಿ ಹಸಿರು ದೀಪದ ಸೆಕೆಂಡುಗಳನ್ನು ಹಂಚುವ ಚೆಲುವಾದ ಗಣಿತ ಅದು. ಕಾರುಗಳು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುವ ಊರಿನಲ್ಲಿ ಹುಟ್ಟಿದ ಗಣಿತ. ಇಲ್ಲಿ ದೀಪ ಹಸಿರಾಗುವ ಮೊದಲೇ ದ್ವಿಚಕ್ರ ವಾಹನಗಳು ಸಂದಿಗೊಂದಿಯಿಂದ ನುಸುಳಿ ಗೆರೆ ದಾಟಿ ನಿಂತಿರುತ್ತವೆ. ಸೂತ್ರವನ್ನು ನಮ್ಮ ರಸ್ತೆಗೆ ಒಗ್ಗಿಸಲು ಆ ತಲೆಮಾರಿನವರು ಪಟ್ಟ ಶ್ರಮ ದೊಡ್ಡದು. ಅದು ಸುದ್ದಿಯಾಗಲಿಲ್ಲ, ಸರಿಯಾಗಿ ಕೆಲಸ ಮಾಡುವ ಸಿಗ್ನಲ್ ಯಾರ ಗಮನಕ್ಕೂ ಬರುವುದಿಲ್ಲ.

ತೊಂಬತ್ತರ ದಶಕದಲ್ಲಿ ಊರು 41 ಲಕ್ಷ ದಾಟಿತ್ತು, ಭರವಸೆಗಳೂ ಎತ್ತರಕ್ಕೆ ಏರಿದವು. ರಸ್ತೆಯ ಮೇಲೆ ಕಂಬ ನಿಲ್ಲಿಸಿ ಲಘು ರೈಲು ಓಡಿಸುವುದಾಗಿ ಸರ್ಕಾರ ಹೇಳಿತು. ಅದಕ್ಕೆಂದೇ 1994ರಲ್ಲಿ ಬಿಎಂಆರ್‌ಟಿಎಲ್ ಎಂಬ ಸಂಸ್ಥೆ ಹುಟ್ಟಿತು. ವರ್ಷಗಟ್ಟಲೆ ಸಮೀಕ್ಷೆ, ನಕ್ಷೆ, ವರದಿ ನಡೆದವು, ರೈಲು ಬರಲಿಲ್ಲ. ಇರುವ ಹಳಿಗಳ ಮೇಲೆಯೇ ಉಪನಗರ ರೈಲು ಓಡಿಸಬಹುದೆಂದು ದಕ್ಷಿಣ ರೈಲ್ವೆ 1983ರಲ್ಲೇ ಸೂಚಿಸಿತ್ತು. ಆ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ನಡುವಿನ ಈ ಮೂವತ್ತೇಳು ವರ್ಷಗಳಲ್ಲಿ ಒಬ್ಬ ಎಂಜಿನಿಯರ್ ಸೇವೆಗೆ ಸೇರಿ, ಬಡ್ತಿ ಪಡೆದು, ನಿವೃತ್ತನೂ ಆಗಬಹುದು. ನನ್ನ ಮಟ್ಟಿಗೆ ಈ ನಾಲ್ಕು ದಶಕಗಳ ಅತಿ ದೊಡ್ಡ ನಷ್ಟ ಇದೇ. ಹಳಿ ಇತ್ತು, ನಿಲ್ದಾಣಗಳಿದ್ದವು, ಜನರಿದ್ದರು.

ಆ ದಶಕದ ನಿಜವಾದ ನಿರ್ಮಾಣ ಹೊರವರ್ತುಲ ರಸ್ತೆ. ಸುಮಾರು ಅರವತ್ತು ಕಿ.ಮೀ. ಉದ್ದದ ಈ ದಾರಿಯನ್ನು ಬಿಡಿಎ 2002ರ ಹೊತ್ತಿಗೆ ಮುಗಿಸಿತು. ಹೆದ್ದಾರಿಯಿಂದ ಹೆದ್ದಾರಿಗೆ ಹೋಗುವ ಲಾರಿಗಳು ಊರೊಳಗೆ ಬಾರದಿರಲಿ ಎಂಬುದು ಉದ್ದೇಶ. ಎಂಜಿನಿಯರಿನ ದೃಷ್ಟಿಯಿಂದ ಅದು ತೃಪ್ತಿಯ ಕೆಲಸ: ವಿಶಾಲ ದಾರಿ, ಸರ್ವಿಸ್ ರಸ್ತೆ, ನೇರ ಅಲೈನ್‌ಮೆಂಟ್. ಆದರೆ ರಸ್ತೆ ಮುಗಿಯುವ ಮೊದಲೇ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಅದರ ಅಂಚಿನಲ್ಲಿ ಸಾಫ್ಟ್‌ವೇರ್ ಕಚೇರಿಗಳಿಗೆ ಅನುಮತಿ ಸಿಗತೊಡಗಿತು. ಊರನ್ನು ಬಳಸಿ ಹೋಗಬೇಕಿದ್ದ ದಾರಿ ಲಕ್ಷಾಂತರ ಜನ ದಿನವೂ ಕೆಲಸಕ್ಕೆ ಬಂದು ಸೇರುವ ಬೀದಿಯಾಯಿತು. ಭೂಬಳಕೆಯ ನಕ್ಷೆ ನೋಡಿ ಸಂಚಾರದ ಅಂದಾಜು ಮಾಡಿದವರು ಒಬ್ಬರು, ಆ ನಕ್ಷೆಯ ಬಣ್ಣ ಬದಲಿಸಿದವರು ಬೇರೊಬ್ಬರು. ಇವರಿಬ್ಬರೂ ಒಂದು ಮೇಜಿನ ಸುತ್ತ ಕೂರುವ ವ್ಯವಸ್ಥೆಯೇ ಊರಿನಲ್ಲಿ ಇರಲಿಲ್ಲ.

1999ರಲ್ಲಿ ಸಿರ್ಸಿ ಸರ್ಕಲ್ ಮೇಲ್ಸೇತುವೆ ತೆರೆದಾಗ ಊರಿಗೆ ಊರೇ ನೋಡಲು ಹೋಗಿತ್ತು. ಮೈಸೂರು ರಸ್ತೆಯಿಂದ ಟೌನ್‌ಹಾಲ್ ಕಡೆಗೆ ಮಾರುಕಟ್ಟೆಯ ಗದ್ದಲವನ್ನು ಕೆಳಗೆ ಬಿಟ್ಟು ಕೆಲವೇ ನಿಮಿಷಗಳಲ್ಲಿ ಬರುವುದೆಂದರೆ ನಂಬಲಾಗದ ಸಂಗತಿ. ಆ ಸೇತುವೆ ಇವತ್ತಿಗೂ ಉಪಯುಕ್ತ. ಅದಿಲ್ಲದ ಮೈಸೂರು ರಸ್ತೆಯನ್ನು ಊಹಿಸಲಾಗದು. ಕೆಳಗೆ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಬುಟ್ಟಿ ಹೊತ್ತವರು, ಗಾಡಿ ತಳ್ಳುವವರು, ಬಸ್ಸಿಗೆ ಓಡುವವರು ಕಂಬಗಳ ನಡುವಿನ ಕತ್ತಲಲ್ಲಿ ದಾಟಿಕೊಳ್ಳುತ್ತಿದ್ದಾರೆ. ಅವರ ಎಣಿಕೆ ಅಂದೂ ಆಗಲಿಲ್ಲ.

ಮುಂದಿನ ಹತ್ತು ವರ್ಷ ಮೇಲ್ಸೇತುವೆಗಳ ಕಾಲ. ರಿಚ್ಮಂಡ್ ಸರ್ಕಲ್ಲಿನಲ್ಲಿ ಸೇತುವೆಯ ಮೇಲೆಯೇ ಸಿಗ್ನಲ್ ಹಾಕಬೇಕಾಗಿ ಬಂದದ್ದು ಎಲ್ಲರಿಗೂ ನೆನಪಿದೆ; ನೆಲದ ಮೇಲೆ ಅಡ್ಡಬರುತ್ತಿದ್ದ ಹರಿವುಗಳು ಮೇಲೆಯೂ ಅಡ್ಡಬಂದವು. ಹೆಬ್ಬಾಳದ ಸೇತುವೆ 2003ರಲ್ಲಿ ತೆರೆದಾಗ ದೇಶದ ದೊಡ್ಡ ಮೇಲ್ಸೇತುವೆಗಳಲ್ಲಿ ಒಂದೆಂಬ ಹೆಮ್ಮೆಯಿತ್ತು. ಐದು ವರ್ಷಕ್ಕೆ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಉತ್ತರದಿಂದ ಬರುವ ಅಷ್ಟೂ ಹರಿವು ಸೇತುವೆಯ ಕಿರಿದಾದ ಬಾಯಿಗೆ ಬಂದು ಒತ್ತತೊಡಗಿತು. ವಿಮಾನ ನಿಲ್ದಾಣ ಬರುತ್ತದೆಂದು ಸೇತುವೆ ಕಟ್ಟುವಾಗಲೇ ಗೊತ್ತಿತ್ತು. ಜಯದೇವ ಆಸ್ಪತ್ರೆಯ ಬಳಿಯ ಮೇಲ್ಸೇತುವೆಯ ಕತೆ ಇನ್ನೂ ಖೇದಕರ: ಹದಿನೈದು ವರ್ಷದ ಆಸುಪಾಸಿನ ಬಾಳು, 2020ರಲ್ಲಿ ಮೆಟ್ರೊಗಾಗಿ ನೆಲಸಮ. ಒಂದು ಸಂಸ್ಥೆ ಕಟ್ಟಿದ್ದನ್ನು ಇನ್ನೊಂದು ಒಡೆಯಿತು, ಎರಡಕ್ಕೂ ತೆತ್ತವರು ನಾವೇ. 2017ರಲ್ಲಿ ಶುರುವಾದ ಈಜಿಪುರ ಮೇಲ್ಸೇತುವೆಯ ಕಂಬಗಳು ವರ್ಷಾನುಗಟ್ಟಲೆ ಬರಿದಾಗಿ ನಿಂತದ್ದನ್ನು ಕೋರಮಂಗಲದವರು ದಿನವೂ ನೋಡಿದ್ದಾರೆ.

ಅಂಡರ್‌ಪಾಸುಗಳದೂ ಇದೇ ಅವಸರ. ಕಾವೇರಿ ಚಿತ್ರಮಂದಿರದ ಬಳಿ ಸಿದ್ಧ ಕಾಂಕ್ರೀಟ್ ಪೆಟ್ಟಿಗೆಗಳನ್ನು ಇಳಿಸಿ ದಿನಗಳಲ್ಲಿ ಮುಗಿಸುವ ‘ಮ್ಯಾಜಿಕ್ ಬಾಕ್ಸ್’ ಭರವಸೆ ಕೇಳಿದ್ದೆವು. ಕೆಲಸ ತಿಂಗಳುಗಳಿಗೆ ಎಳೆಯಿತು. ನೀರು ತಗ್ಗಿಗೆ ಹರಿಯುತ್ತದೆ ಎಂಬುದನ್ನು ಊರು ಮರೆತಿತ್ತು. 2023ರ ಮೇ ತಿಂಗಳ ಒಂದು ಮಳೆಯಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್ ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಜೀವ ಕಳೆದುಕೊಂಡಳು. ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ.

ಏಕಮುಖ ಸಂಚಾರವನ್ನು ತೂಗುವುದು ಇಷ್ಟು ಸುಲಭವಲ್ಲ. ಎರಡು ದ್ವಿಮುಖ ರಸ್ತೆಗಳು ಸೇರುವಲ್ಲಿ ವಾಹನಗಳ ದಾರಿ ಪರಸ್ಪರ ತಾಗುವ ಬಿಂದುಗಳು 32. ಏಕಮುಖ ಮಾಡಿದರೆ ಅವು ಬೆರಳೆಣಿಕೆಗೆ ಇಳಿಯುತ್ತವೆ, ಸಿಗ್ನಲ್ಲಿನ ಹಂತಗಳೂ ಕಡಿಮೆಯಾಗುತ್ತವೆ. ಎಂ.ಎ. ಸಲೀಂ ಅವರು ಸಂಚಾರ ಪೊಲೀಸ್ ವಿಭಾಗದಲ್ಲಿದ್ದಾಗ ಊರ ನಡುವಿನ ರಸ್ತೆಗಳನ್ನು ಧೈರ್ಯದಿಂದ ಏಕಮುಖ ಮಾಡಿದ್ದರಿಂದಲೇ ಹಳೆಯ ಬೀದಿಗಳು ಇನ್ನಷ್ಟು ವರ್ಷ ತಡೆದುಕೊಂಡವು. ಜೊತೆಗೆ ಸಂಚಾರ ಪೊಲೀಸರ ಬಿ-ಟ್ರ್ಯಾಕ್ ಯೋಜನೆಯಲ್ಲಿ ಸಿಗ್ನಲ್ಲುಗಳು, ಕ್ಯಾಮೆರಾಗಳು, ನಿಯಂತ್ರಣ ಕೇಂದ್ರ ಬಂದವು. ಒಂದು ಪೈಸೆಯ ಕಾಂಕ್ರೀಟಿಲ್ಲದೆ ರಸ್ತೆಯ ಸಾಮರ್ಥ್ಯ ಹೆಚ್ಚಿಸಬಹುದು ಎಂದು ಏಕಮುಖ ಸಂಚಾರ ತೋರಿಸಿಕೊಟ್ಟಿತು. ಅದೇ ಬೀದಿಗಳಲ್ಲಿ ಬೆಳಿಗ್ಗೆ ಇಳಿದ ಸ್ಟಾಪಿಗೂ ಸಂಜೆ ಹತ್ತುವ ಸ್ಟಾಪಿಗೂ ಒಂದು ಬೀದಿಯ ಅಂತರ ಬಿತ್ತು. ಅಡೆತಡೆಯಿಲ್ಲದೆ ನುಗ್ಗಿ ಬರುವ ವಾಹನಗಳ ಎದುರು ಮುದುಕರು ರಸ್ತೆ ದಾಟುವುದನ್ನೇ ಬಿಟ್ಟರು.

ವಾಹನಗಳನ್ನಲ್ಲ, ಜನರನ್ನು ಸಾಗಿಸಬೇಕು ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು 2006ರಲ್ಲಿ. ಅದೇ ವರ್ಷ ಜೂನ್‌ನಲ್ಲಿ ನಮ್ಮ ಮೆಟ್ರೊಗೆ ಅಡಿಗಲ್ಲು ಬಿತ್ತು. ಎಂ.ಜಿ. ರಸ್ತೆಯ ಬುಲೆವಾರ್ಡನ್ನು ಅದಕ್ಕಾಗಿ ಕೊಟ್ಟೆವು. ಆ ನೆರಳಲ್ಲಿ ನಡೆದವರಿಗೆ ಆ ನಷ್ಟದ ಬೆಲೆ ಗೊತ್ತು. 2011ರ ಅಕ್ಟೋಬರಿನಲ್ಲಿ ಮೆಟ್ರೊ ಅಲ್ಲಿಂದ ಬೈಯಪ್ಪನಹಳ್ಳಿಯವರೆಗಿನ 6.7 ಕಿ.ಮೀ. ಓಡಿತು, ಮೊದಲ ಹಂತದ 42 ಕಿ.ಮೀ. ಮುಗಿಯಲು 2017 ಬಂತು. ತಡವಾದರೂ ಇದು ನಿಜವಾದ ಗಳಿಕೆ. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಒಂದೇ ರೈಲಿನಲ್ಲಿ ಕೂತು ಬರಬಹುದೆಂದು ಎಂಬತ್ತರ ದಶಕದಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ನಿಲ್ದಾಣದ ಮೆಟ್ಟಿಲಿಳಿದ ಮೇಲಿನ ದಾರಿ ಮಾತ್ರ ಹಾಗೆಯೇ ಇದೆ: ಎತ್ತಿಟ್ಟ ಕಲ್ಲುಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು.

ಹಾಗಿರಬೇಕಿಲ್ಲ ಎಂಬುದಕ್ಕೆ ಟೆಂಡರ್‌ಶ್ಯೂರ್ ರಸ್ತೆಗಳು ಸಾಕ್ಷಿ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ನೀರು, ಒಳಚರಂಡಿ, ಕೇಬಲ್ ಎಲ್ಲವನ್ನೂ ಮೊದಲು ನೆಲದಡಿ ಸರಿಪಡಿಸಿ, ವಾಹನಪಥವನ್ನು ಒಂದೇ ಅಗಲಕ್ಕೆ ತಂದು, ಮಿಕ್ಕ ಜಾಗವನ್ನು ನಡೆಯುವವರಿಗೆ ಬಿಟ್ಟರು. ರಸ್ತೆ ಕಿರಿದಾಯಿತೆಂದು ಗದ್ದಲವಾಯಿತು. ವಾಹನಗಳು ಓಡುತ್ತಲೇ ಇವೆ, ಗಾಲಿಕುರ್ಚಿಯೂ ಅಲ್ಲಿ ಸಾಗಬಲ್ಲದು. ಸೇವೆಯ ಕೊನೆಯ ವರ್ಷಗಳಲ್ಲಿ ಈ ಕೆಲಸ ಸಿಕ್ಕ ಎಂಜಿನಿಯರುಗಳು ಅದರ ಬಗ್ಗೆ ಮಾತಾಡುವ ದನಿಯೇ ಬೇರೆ. ಇದು ಬಹುಪಾಲು ಊರ ನಡುವಿನ ಶ್ರೀಮಂತ ಬೀದಿಗಳಲ್ಲೇ ನಿಂತುಬಿಟ್ಟಿತು, ಲಗ್ಗೆರೆಗೂ ಬೊಮ್ಮನಹಳ್ಳಿಗೂ ಬರಲಿಲ್ಲ.

ಬಸ್ಸಿನ ಪಾಲು ಇನ್ನೂ ಕಡಿಮೆ. ನಗರದ ವಾಹನಗಳು ಒಂದು ಕೋಟಿ ದಾಟಿವೆ. ಬಿಎಂಟಿಸಿ ಬಸ್ಸುಗಳು ದಶಕಕ್ಕೂ ಹೆಚ್ಚು ಕಾಲ ಆರೇಳು ಸಾವಿರದ ಆಸುಪಾಸಿನಲ್ಲೇ ಇವೆ. ಹುಬ್ಬಳ್ಳಿ-ಧಾರವಾಡದ ನಡುವೆ 22 ಕಿ.ಮೀ. ಪ್ರತ್ಯೇಕ ಪಥದಲ್ಲಿ 2018ರಿಂದ ‘ಚಿಗರಿ’ ಬಸ್ಸುಗಳು ಓಡಿದವು. ನಿರ್ವಹಣೆಯ ಕೊರತೆಯಿಂದ ಅದರ ಮೇಲೆ ದೂರುಗಳು ಬೆಳೆದಿದ್ದರೂ ಬಸ್ಸಿಗೆ ಜಾಗ ಬಿಡಬಹುದೆಂದು ಕರ್ನಾಟಕದ ನೆಲದಲ್ಲೇ ಅದು ತೋರಿಸಿತು. ಬೆಂಗಳೂರಿನಲ್ಲಿ 2019ರ ಕೊನೆಗೆ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್-ಕೆ.ಆರ್. ಪುರ ಭಾಗದಲ್ಲಿ ಬಸ್ ಆದ್ಯತಾ ಪಥ ಬಂತು. ಸಣ್ಣ ಕಂಬಗಳ ಸಾಲು, ಒಂದು ಲೇನ್, ಅಷ್ಟೇ ಖರ್ಚು. ಬಸ್ಸುಗಳು ಕಾರುಗಳನ್ನು ಹಿಂದೆ ಹಾಕಿ ಹೋದವು. ಆಮೇಲೆ ಮೆಟ್ರೊ ಕಾಮಗಾರಿ ಬಂದು ಪಥ ಮಾಯವಾಯಿತು.

ಈ ಕತೆಯುದ್ದಕ್ಕೂ ಸಂಚಾರ ಎಂಜಿನಿಯರಿಗೆ ತನ್ನದೆಂಬ ಕುರ್ಚಿ ಇರಲಿಲ್ಲ. ಸಿಗ್ನಲ್ ಪೊಲೀಸರದ್ದು, ರಸ್ತೆ ಪಾಲಿಕೆಯದ್ದು, ವರ್ತುಲ ರಸ್ತೆ ಬಿಡಿಎಯದ್ದು, ಬಸ್ಸು ಬಿಎಂಟಿಸಿಯದ್ದು, ಹಳಿ ಇನ್ನೊಬ್ಬರದ್ದು. ಮೇಲ್ಸೇತುವೆ ಬೇಕೆಂದು ಮೇಲಿನವರು ತೀರ್ಮಾನಿಸಿದ ಮೇಲೆ ಅದಕ್ಕೆ ತಕ್ಕ ಸಂಖ್ಯೆ ಒದಗಿಸುವುದಷ್ಟೇ ಎಷ್ಟೋ ಸಲ ಇವರಿಗೆ ಉಳಿದ ಕೆಲಸ. 2007ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಬಂತು, ಒಳ್ಳೆಯ ವರದಿಗಳನ್ನು ಬರೆಯಿತು. ಬೇಡ ಎನ್ನುವ ಅಧಿಕಾರ ಅದಕ್ಕಿರಲಿಲ್ಲ. ಎಲ್ಲ ಸಂಸ್ಥೆಗಳನ್ನು ಒಂದು ಮೇಜಿಗೆ ತರುವ ಬಿಎಂಎಲ್‌ಟಿಎ ಎಂಬ ಭೂಸಾರಿಗೆ ಪ್ರಾಧಿಕಾರದ ಮಸೂದೆಗೆ 2022ರ ಡಿಸೆಂಬರಿನಲ್ಲಿ ಶಾಸನಸಭೆಯ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಆ ತಲೆಮಾರಿನ ಹೆಚ್ಚಿನವರು ಪಿಂಚಣಿ ಪಡೆಯುತ್ತಿದ್ದರು.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಮಾತು. ಉಕ್ಕಿನ ಸೇತುವೆ ಬೇಡವೆಂದು 2016ರಲ್ಲಿ ಜನ ಕೈಕೈ ಹಿಡಿದು ನಿಂತ ದಾರಿಯ ಕೆಳಗೆ, ಸಾವಿರಾರು ಕೋಟಿಯ ಕೆಲಸ. ಅದರ ಸಮರ್ಥನೆಗೂ ಅದೇ ಹಳೆಯ ಪಿಸಿಯು ಲೆಕ್ಕ. ಗಂಟೆಗೆ ಎಷ್ಟು ಕಾರು ಎಂದು ಹೇಳುವ ಪುಟದ ಪಕ್ಕದಲ್ಲೇ ಗಂಟೆಗೆ ಎಷ್ಟು ಜನ, ಅವರಲ್ಲಿ ಬಸ್ಸಿನವರೆಷ್ಟು, ನಡೆಯುವವರೆಷ್ಟು ಎಂಬ ಪುಟವೂ ಇರಬೇಕು. ಅದಿಲ್ಲದ ಯೋಜನಾ ವರದಿಗೆ ಬಿಎಂಎಲ್‌ಟಿಎ ಸಹಿ ಹಾಕಬಾರದು. ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕೆಲಸ ಮುಗಿದು ತಗಡಿನ ತಡೆಗಳು ತೆರವಾಗುವ ದಿನ ದೂರವಿಲ್ಲ. ಅಲ್ಲಿದ್ದ ಬಸ್ ಪಥ ಅಂದೇ ಮರಳಬೇಕು, ಅದರ ಪಕ್ಕದಲ್ಲಿ ಕೆ.ಆರ್. ಪುರದವರೆಗೂ ಕಡಿಯದ ಫುಟ್‌ಪಾತ್ ಇರಬೇಕು. ನಕ್ಷೆ ಬರೆಯಬಲ್ಲವರು ಈ ಊರಿನಲ್ಲೇ ಇದ್ದಾರೆ, ಕೇಳಿದರೆ ನಾಳೆಯೇ ಬಂದು ಕೂರುತ್ತಾರೆ.