ನಂಬುಗೆಗೂ ಒಂದು ಪರೀಕ್ಷೆ ಬೇಕು



ವಿಶ್ವಾಸವು ಮಾನವ ಜೀವನದ ಅಡಿಗಲ್ಲು. ಮಳೆರಾಯನನ್ನು ನಂಬಿ ರೈತನು ಮನೆಯೊಳಗಿನ ಕಾಳನ್ನು ಮಣ್ಣಿಗೆ ಹಾಕುತ್ತಾನೆ. ಗುರುವಾಕ್ಯವನ್ನು ನಂಬಿ ಶಿಷ್ಯನು ಇಷ್ಟಲಿಂಗವನ್ನು ಧರಿಸುತ್ತಾನೆ. ನಂಬಿಕೆಯೇ ಇಲ್ಲದವನಿಗೆ ಇಹವೂ ಇಲ್ಲ, ಪರವೂ ಇಲ್ಲ. ಆದರೆ ನಮ್ಮ ಶಾಸ್ತ್ರಗಳು ನಂಬಿಕೆಯ ಜೊತೆಗೆ ಪರೀಕ್ಷೆಯನ್ನೂ ವಿಧಿಸಿವೆ ಎಂಬುದನ್ನು ಮರೆಯಬಾರದು. ಗುರುವಾದವನು ಶಿಷ್ಯನನ್ನು ಕಂಡ ದಿನವೇ ದೀಕ್ಷೆ ಕೊಡುವುದಿಲ್ಲ. ಹತ್ತಿರ ಇರಿಸಿಕೊಂಡು, ನಡೆನುಡಿಗಳನ್ನು ನೋಡಿ, ಬಳಿಕ ಅನುಗ್ರಹಿಸುತ್ತಾನೆ. ಶಿಷ್ಯನೂ ಗುರುವಿನ ಲಕ್ಷಣವನ್ನು ಅರಿತೇ ಶರಣಾಗಬೇಕು. ಮೋಕ್ಷದ ಮಾರ್ಗದಲ್ಲಿಯೇ ಪರೀಕ್ಷೆ ಬೇಕಾದ ಮೇಲೆ ಹಣಕಾಸಿನ ವ್ಯವಹಾರದಲ್ಲಿ ಅದು ಬೇಡವೇ?

ಈ ಮಾತನ್ನು ಇಂದು ಎತ್ತಲು ಕಾರಣವುಂಟು. ಕಳೆದ ಶ್ರಾವಣದಲ್ಲಿ ಒಂದು ಸೋಮವಾರ, ಪೂಜೆ ಮುಗಿದು ಭಕ್ತರೆಲ್ಲ ಪ್ರಸಾದಕ್ಕೆ ಹೋದ ಮೇಲೆ, ವಯಸ್ಸಾದ ದಂಪತಿಗಳು ನಮ್ಮೆದುರು ಕುಳಿತೇ ಇದ್ದರು. ಏನೆಂದು ಕೇಳಿದರೆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂದೆ ನಿಧಾನವಾಗಿ ಹೇಳಿದ. ಪಟ್ಟಣದಲ್ಲಿ ಓದುತ್ತಿದ್ದ ಮಗ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು 5,000 ರೂಪಾಯಿ ಸಾಲ ಕೇಳಿದ್ದಾನೆ. ಖರ್ಚು, ಶುಲ್ಕ ಎಂದು ಮುರಿದುಕೊಂಡು ಕೈಗೆ ಬಂದದ್ದು 3,200. ತಿರುಗಿಸಬೇಕಾದದ್ದು 7 ದಿನದಲ್ಲಿ ಪೂರ್ತಿ 5,000. ಅದನ್ನು ತೀರಿಸಲು ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು. ಎರಡು ತಿಂಗಳಲ್ಲಿ ಸಾಲ 60,000 ದಾಟಿತು. ಆಮೇಲೆ ಶುರುವಾಯಿತು ಕಾಟ. ಹುಡುಗನ ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೆ, ಸೋದರಮಾವನಿಗೆ, ಕಲಿಸಿದ ಮಾಸ್ತರರಿಗೆ, ಅಕ್ಕನ ಗಂಡನ ಮನೆಯವರಿಗೆ, 'ಇವನು ಕಳ್ಳ' ಎಂಬ ಸಂದೇಶ. ಅವನ ಭಾವಚಿತ್ರವನ್ನೇ ಕೆಡಿಸಿ ನೋಡಬಾರದಂತೆ ಮಾಡಿ ಕಳಿಸಿದರು. ಹುಡುಗ ಮನೆ ಬಿಟ್ಟು ಹೋದ. ನಾಲ್ಕನೆಯ ದಿನ ದೂರದ ಬಸ್ ನಿಲ್ದಾಣದಲ್ಲಿ ಸಿಕ್ಕ. ಶಿವನ ದಯೆ, ಜೀವಂತ ಸಿಕ್ಕ. ತಂದೆ ಎರಡು ಎಮ್ಮೆ ಮಾರಿ ಹಣ ಕಟ್ಟಿದ್ದ. 'ಅಜ್ಜಾರ, ಕಟ್ಟಿದ ಮ್ಯಾಲೂ ಫೋನ್ ನಿಂತಿಲ್ರಿ' ಎಂದ.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಹಿಂದಿನ ಕಾಲದಲ್ಲಿ ಊರಿನ ಸಾಹುಕಾರನೂ ಬಡ್ಡಿ ತಿಂದವನೇ. ಅವನನ್ನು ನಾವು ಹೊಗಳುವುದಿಲ್ಲ. ಆದರೆ ಅವನಿಗೊಂದು ಮನೆಯಿತ್ತು, ಮುಖವಿತ್ತು. ಜಾತ್ರೆಯಲ್ಲಿ ತೇರಿನ ಮುಂದೆ ಎದುರಾಗುತ್ತಿದ್ದ. ಅನ್ಯಾಯ ಮಿತಿಮೀರಿದರೆ ನಾಲ್ಕು ಜನ ಹಿರಿಯರು ಹೋಗಿ ಕಟ್ಟೆಯ ಮೇಲೆ ಕೂರಿಸಿ ಕೇಳುತ್ತಿದ್ದರು. ಈ ಆ್ಯಪಿನ ಸಾಹುಕಾರನಿಗೆ ಮನೆ ಯಾವುದು? ಹೆಸರೇನು? ಯಾರ ಹತ್ತಿರ ಹೋಗಿ ನ್ಯಾಯ ಕೇಳಬೇಕು? ನಂಬಿಕೆ ಕೆಡುವುದಕ್ಕೆ ಮೂಲ ಇಲ್ಲಿದೆ. ಮುಖವಿಲ್ಲದವನಿಗೆ ಲೋಕದ ಅಂಜಿಕೆ ಇರುವುದಿಲ್ಲ.

ಹಾಗೆಂದು ನಾವು ಯಂತ್ರವನ್ನು ಜರಿಯುವವರಲ್ಲ. ಪಹಣಿಗಾಗಿ ತಾಲ್ಲೂಕು ಕಚೇರಿಯ ಮುಂದೆ ದಿನಗಟ್ಟಲೆ ಕುಳಿತ ರೈತ ಇಂದು ಫೋನಿನಲ್ಲಿಯೇ ಅದನ್ನು ನೋಡುತ್ತಾನೆ. 2016ರಲ್ಲಿ ಯುಪಿಐ ಆರಂಭವಾದ ಮೇಲೆ ಸಂತೆಯಲ್ಲಿ ಕೊತ್ತಂಬರಿ ಮಾರುವ ತಾಯಿಯೂ ಚಿಲ್ಲರೆಯ ಚಿಂತೆ ಬಿಟ್ಟಿದ್ದಾಳೆ. ಕುಡುಗೋಲು ಬೆಳೆಯನ್ನೂ ಕೊಯ್ಯುತ್ತದೆ, ಕೈಯನ್ನೂ ಕೊಯ್ಯುತ್ತದೆ. ದೋಷ ಕಬ್ಬಿಣದ್ದಲ್ಲ. ಹಿಡಿ ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು.

ನಮ್ಮ ಮಠಕ್ಕೇ ಬಂದ ಒಂದು ಪ್ರಸಂಗವನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಪಟ್ಟಣದ ಒಂದು ಕಂಪನಿಯ ತರುಣರು ಬಂದು, ಫಲಪುಷ್ಪ ಸಮರ್ಪಿಸಿ, 'ಮಠದ ಹೆಸರಿನಲ್ಲಿ ಒಂದು ಆ್ಯಪ್ ಪುಕ್ಕಟೆಯಾಗಿ ಮಾಡಿಕೊಡುತ್ತೇವೆ. ಭಕ್ತರ ಹೆಸರು, ಊರು, ಫೋನ್ ನಂಬರು, ಕಾಣಿಕೆಯ ಲೆಕ್ಕ ಎಲ್ಲ ಅದರಲ್ಲಿ ಇರುತ್ತದೆ' ಎಂದರು. ನಮಗೂ ಹಿಗ್ಗಾಯಿತು. ಆಗಲಿ ಎಂಬ ಮಾತು ತುಟಿಯ ತುದಿಗೆ ಬಂದಿತ್ತು. ಮೂಲೆಯಲ್ಲಿ ಕುಳಿತಿದ್ದ ಹಿರಿಯ ಒಕ್ಕಲಿಗನೊಬ್ಬ ಮೆಲ್ಲಗೆ ಕೇಳಿದ: 'ಅಜ್ಜಾರ, ಪುಕ್ಕಟೆ ಎತ್ತು ಕೊಡತೇನಿ ಅಂದಾವನ್ನ, ಯಾಕ ಕೊಡತೀಯಪ್ಪಾ ಅಂತ ಒಂದ್ ಮಾತ ಕೇಳಬೇಕಲ್ರಿ?' ಅಕ್ಷರ ಕಲಿಯದ ಆ ಹಿರಿಯನ ಮಾತು ನಮ್ಮ ಕಣ್ಣು ತೆರೆಸಿತು. ಈ ಪಟ್ಟಿ ಎಲ್ಲಿ ಇರುತ್ತದೆ, ಯಾರ ವಶದಲ್ಲಿರುತ್ತದೆ, ನೀವು ಮತ್ತೊಬ್ಬರಿಗೆ ಕೊಡುವಿರೇನು, ನಿಮ್ಮ ಕಂಪನಿ ಮುಚ್ಚಿದರೆ ಅದರ ಗತಿಯೇನು ಎಂದು ಕೇಳಿದೆವು. ಕೇಳಿಕೊಂಡು ಬರುತ್ತೇವೆ ಎಂದು ಹೋದವರು ತಿರುಗಿ ಬರಲಿಲ್ಲ. ಅವರು ಕೆಟ್ಟವರೆಂದು ನಾವು ಹೇಳುವುದಿಲ್ಲ. ಆದರೆ ಉತ್ತರ ಕೊಡಲಾರದವರ ಕೈಗೆ ಭಕ್ತರ ಹೆಸರುಗಳನ್ನು ಒಪ್ಪಿಸುವ ಅಧಿಕಾರ ನಮಗಿಲ್ಲ. ಮಠದ ಹೆಸರು ಕಂಡು ಭಕ್ತರು ಕಣ್ಣುಮುಚ್ಚಿ ನಂಬುತ್ತಿದ್ದರು. ಅವರ ನಂಬಿಕೆಗೆ ನಾವು ಉತ್ತರವಾದಿಗಳು.

ಸಂತೆಯಲ್ಲಿ ಎತ್ತು ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಯಾರ ಕೊಟ್ಟಿಗೆಯದು ಎಂದು ಕೇಳುತ್ತೀರಿ. ಹಲ್ಲು ನೋಡುತ್ತೀರಿ. ನಡೆಸಿ, ನೊಗಕ್ಕೆ ಹೂಡಿ ನೋಡುತ್ತೀರಿ. ದಲ್ಲಾಳಿಯ ಹೊಗಳಿಕೆಯನ್ನು ಕಿವಿಯಲ್ಲಿ ಹಾಕಿಕೊಂಡರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಅದೇ ವಿವೇಕ ಇಲ್ಲಿಯೂ ಸಾಕು. ಹೊಸ ಆ್ಯಪ್ ಮನೆಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿರಿ.

ಮೊದಲನೆಯದು, ಇದರ ಹಿಂದೆ ಇರುವವರು ಯಾರು? ಸಾಲ ಕೊಡುವ ಆ್ಯಪ್ ಆದರೆ ಅದರ ಹಿಂದೆ ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಇರಬೇಕು. ಅಂಥ ಸಂಸ್ಥೆಗಳು ಬಳಸುವ ಆ್ಯಪ್‌ಗಳ ಪಟ್ಟಿಯನ್ನು 2025ರ ಜುಲೈನಿಂದ ರಿಸರ್ವ್ ಬ್ಯಾಂಕ್ ತನ್ನ ಜಾಲತಾಣದಲ್ಲಿ ಇರಿಸಿದೆ. ಅದರಲ್ಲಿನ ವಿವರಗಳು ಆಯಾ ಸಂಸ್ಥೆಗಳೇ ಸಲ್ಲಿಸಿದವು. ಆದ್ದರಿಂದ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪರೀಕ್ಷೆ ಮುಗಿಯಿತೆಂದು ತಿಳಿಯಬಾರದು. ಹೆಸರೇ ಇಲ್ಲದಿದ್ದರೆ ಮಾತ್ರ ಅಲ್ಲಿ ಹೆಜ್ಜೆ ಇಡಲೇಬಾರದು.

ಎರಡನೆಯದು, ಇವರ ಕಾಯಕ ಯಾವುದು? ಶರಣರು ಕಾಯಕದಿಂದ ಬಂದದ್ದನ್ನೇ ದಾಸೋಹಕ್ಕೆ ಸಲ್ಲಿಸಿದರು. ಬಂದ ದಾರಿ ತಿಳಿಯದ ಸಂಪತ್ತನ್ನು ಮುಟ್ಟಲಿಲ್ಲ. ಪುಕ್ಕಟೆ ಕೊಡುವ ಕಂಪನಿಯೂ ತನ್ನ ನೌಕರರಿಗೆ ಸಂಬಳ ಕೊಡಲೇಬೇಕು. ಆ ಹಣ ಜಾಹೀರಾತಿನಿಂದ ಬರುವುದೋ, ಬಡ್ಡಿಯಿಂದಲೋ, ನಿಮ್ಮ ವಿವರಗಳನ್ನು ಮಾರಿಯೋ? ನೇರವಾಗಿ ಹೇಳುವವನನ್ನು ಅಷ್ಟರ ಮಟ್ಟಿಗೆ ನಂಬಬಹುದು. ಹೇಳಲು ತಡವರಿಸುವವನಿಂದ ದೂರವಿರಬೇಕು.

ಮೂರನೆಯದು, ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಕೇಳುತ್ತಿದ್ದಾನೆಯೇ? ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದು ನಮಗೆ ಸಲ್ಲದು, ಮರಳಿ ಸುರಿದು ಬಾ ಎಂದು ಕಳಿಸಿದ ಮಹಾತಾಯಿ ಅವಳು. ಅಳತೆ ಮೀರಿದುದನ್ನು ನೋಡಿದೊಡನೆ ಗುರುತಿಸುವ ಕಣ್ಣು ಅವಳದು. ಬೆಳಕು ಕೊಡುವ ಬ್ಯಾಟರಿ ಆ್ಯಪಿಗೆ ನಿಮ್ಮ ನೆಂಟರ ನಂಬರುಗಳು ಏಕೆ? ಪಂಚಾಂಗ ತೋರಿಸುವ ಆ್ಯಪಿಗೆ ನಿಮ್ಮ ಸಂದೇಶಗಳನ್ನು ಓದುವ ಅನುಮತಿ ಏಕೆ? ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳು, ಚಿತ್ರಗಳು, ಕರೆಗಳ ವಿವರ ಇವುಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿಯೇ ಕಟ್ಟಪ್ಪಣೆ ಮಾಡಿದೆ. ಸಾಲದ ಹಣ ನೇರವಾಗಿ ನಿಮ್ಮ ಖಾತೆಗೇ ಬರಬೇಕು. ವರ್ಷಕ್ಕೆ ಒಟ್ಟು ಎಷ್ಟು ಖರ್ಚು ಬೀಳುವುದೆಂಬ ಚೀಟಿಯನ್ನು ಮೊದಲೇ ಕೊಡಬೇಕು. ಬೇಡವೆನಿಸಿದರೆ ದಂಡವಿಲ್ಲದೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ತಿರುಗಿಸಿ ಹೊರಬರಲು ಕನಿಷ್ಠ ಒಂದು ದಿನದ ಅವಕಾಶವಿರಬೇಕು. ಆ ಹುಡುಗನ ವಿಷಯದಲ್ಲಿ ಇದರಲ್ಲಿ ಒಂದೂ ನಡೆದಿರಲಿಲ್ಲ. ಅನುಮತಿ ಕೇಳಿದಾಗ ಅವನು ಓದದೆ ಒತ್ತಿದ್ದ ಒಂದು ಗುಂಡಿ ಇಡೀ ಬಂಧುಬಳಗದ ಬಾಗಿಲನ್ನು ಪರರಿಗೆ ತೆರೆದಿತ್ತು.

ನಾಲ್ಕನೆಯದು, ತಪ್ಪಾದರೆ ಎಲ್ಲಿ ಕೇಳಬೇಕು? ವಿಳಾಸವಿದೆಯೇ, ದೂರು ಸ್ವೀಕರಿಸುವ ಅಧಿಕಾರಿಯ ಹೆಸರಿದೆಯೇ, ಕರೆ ಮಾಡಿದರೆ ಮನುಷ್ಯರು ಮಾತನಾಡುತ್ತಾರೆಯೇ? ಇಲ್ಲವಾದರೆ ಅದು ಬಾಗಿಲಿಲ್ಲದ ಮನೆ. ಒಳಗೆ ಬೀಳಬಹುದು, ಹೊರಗೆ ಬರಲಾಗದು.

ಇನ್ನೊಂದು ಮೋಸವನ್ನು ಹಿರಿಯರು ವಿಶೇಷವಾಗಿ ಗಮನಿಸಬೇಕು. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆ ಎಂದೋ, ಪಿಎಂ ಕಿಸಾನ್ ಹಣ ಎಂದೋ, ಬ್ಯಾಂಕಿನ ಸೂಚನೆ ಎಂದೋ ಒಂದು ಕಡತ ಬರುತ್ತದೆ. ಹೆಸರಿನ ಕೊನೆಗೆ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಅದು ಕರೆಯೋಲೆಯಲ್ಲ, ಒಂದು ಆ್ಯಪ್. ಒತ್ತಿ ಒಳಗೆ ಬಿಟ್ಟುಕೊಂಡರೆ ಬ್ಯಾಂಕಿನಿಂದ ಬರುವ ಗುಟ್ಟಿನ ಸಂಖ್ಯೆಯನ್ನು ಓದಿ ಖಾತೆಯನ್ನು ಬರಿದು ಮಾಡಬಲ್ಲದು. ಪರಿಚಿತರ ನಂಬರಿನಿಂದ ಬಂದರೂ ಮುಟ್ಟಬೇಡಿರಿ, ಏಕೆಂದರೆ ಅವರ ಫೋನೂ ಮೋಸಗಾರನ ಕೈಸೇರಿರಬಹುದು. ಹಾಗೆಯೇ ಯುಪಿಐ ಪಿನ್ ಹಣ ಕೊಡುವಾಗ ಮಾತ್ರ ಬೇಕು, ಪಡೆಯುವಾಗ ಬೇಡ. 'ಹಣ ಬರುತ್ತದೆ, ಪಿನ್ ಒತ್ತಿರಿ' ಎಂದವನು ಕಳ್ಳನೆಂದೇ ತಿಳಿಯಿರಿ.

ಕಂಪನಿಗಳಿಗೂ ಸರ್ಕಾರಕ್ಕೂ ನಾವು ಒಂದು ಮಾತು ಹೇಳಬೇಕಾಗಿದೆ. ಹತ್ತಾರು ಪುಟ ಇಂಗ್ಲಿಷ್ ಬರೆದು, ಕೆಳಗೆ 'ಒಪ್ಪಿಗೆ' ಎಂಬ ಗುಂಡಿ ಇಟ್ಟು, ಕನ್ನಡ ಮಾತ್ರ ಬಲ್ಲ ರೈತನಿಂದ ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಕುರುಡನ ಕೈಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡಂತೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯು, ವಿವರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕೆನ್ನುತ್ತದೆ. ಕನ್ನಡವೂ ಆ ಅನುಸೂಚಿಯಲ್ಲಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಆದರೆ ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು ಕೊಡಲಾಗಿದೆ. ಧರ್ಮಕ್ಕೆ ಗಡುವು ಬೇಕಿಲ್ಲ. ಪ್ರಾಮಾಣಿಕ ಕಂಪನಿಯು ಇಂದಿನಿಂದಲೇ ಕನ್ನಡದಲ್ಲಿ ಹೇಳಿ ಕೇಳಲಿ.

ಮನೆಯ ವಿದ್ಯಾವಂತ ಮಕ್ಕಳಿಗೂ ಇದು ಒಂದು ದಾಸೋಹ. ಅಜ್ಜ ಅಜ್ಜಿಯ ಫೋನನ್ನು ತಿಂಗಳಿಗೊಮ್ಮೆ ತೆಗೆದು ನೋಡಿ, ಬೇಡದ ಆ್ಯಪ್‌ಗಳನ್ನು ತೆಗೆದುಹಾಕಿರಿ, ಅತಿಯಾದ ಅನುಮತಿಗಳನ್ನು ಮುಚ್ಚಿರಿ. ಹಿರಿಯರು ಕೇಳಿದರೆ ಸಿಡುಕದೆ ಹೇಳಿಕೊಡಿರಿ.

ಕೊನೆಯದಾಗಿ, ಮೋಸಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳಬಾರದು. ಆ ಹುಡುಗ ಮೊದಲ ವಾರದಲ್ಲೇ ತಂದೆಯ ಮುಂದೆ ಹೇಳಿದ್ದರೆ ಎಮ್ಮೆಗಳು ಕೊಟ್ಟಿಗೆಯಲ್ಲಿ ಇರುತ್ತಿದ್ದವು. ಅವನು ಹೇಳಲಿಲ್ಲ, ಏಕೆಂದರೆ ಬೈಗುಳಕ್ಕೆ ಅಂಜಿದ. ತಂದೆತಾಯಿಗಳೇ, ಮಕ್ಕಳು ತಪ್ಪು ಒಪ್ಪಿಕೊಂಡು ಬರುವಷ್ಟು ಬಾಗಿಲು ತೆರೆದಿಡಿರಿ. ಹಣ ಹೋದ ಕೂಡಲೇ 1930 ಎಂಬ ನಂಬರಿಗೆ ಕರೆ ಮಾಡಿರಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಾಧ್ಯತೆ ಹೆಚ್ಚು. ಬೆದರಿಸುವವರ ಸಂದೇಶಗಳನ್ನು ಅಳಿಸದೆ ಪೊಲೀಸರಿಗೆ ತೋರಿಸಿರಿ. ಹೋದ ಹಣವನ್ನು ದುಡಿದು ಗಳಿಸಬಹುದು, ಹೋದ ಮಗನನ್ನು ಗಳಿಸಲಾಗದು.

ಆ ದಂಪತಿಗಳಿಗೆ ನಾವು ವಿಭೂತಿ ಕೊಟ್ಟು, ಮಠದ ವಕೀಲರೊಬ್ಬರನ್ನು ಜೊತೆಮಾಡಿ ಠಾಣೆಗೆ ಕಳಿಸಿದೆವು. ಫೋನ್ ಕಾಟ ನಿಂತಿದೆ. ಹುಡುಗ ಈಗ ಅಮಾವಾಸ್ಯೆಗೆ ಮಠಕ್ಕೆ ಬಂದು, ದಾಸೋಹದಲ್ಲಿ ಬಡಿಸಿ, ಬಿಡುವಾದಾಗ ಕಟ್ಟೆಯ ಮೇಲೆ ಕುಳಿತು ಹಿರಿಯರ ಫೋನುಗಳನ್ನು ಒಂದೊಂದಾಗಿ ನೋಡಿಕೊಡುತ್ತಾನೆ. 'ಇದು ಬೇಡ ಯಜ್ಜಾ, ತೆಗೀತೇನಿ' ಎಂಬ ಅವನ ಮಾತು ಕೇಳಿದಾಗ ನಮಗೆ ಸಂತೋಷವಾಗುತ್ತದೆ.

ದೇವರನ್ನು ನಂಬಿರಿ, ಮನುಷ್ಯರನ್ನು ಅರಿತು ನಂಬಿರಿ, ಮುಖವಿಲ್ಲದವರನ್ನು ಪರೀಕ್ಷಿಸದೆ ನಂಬಬೇಡಿರಿ. ಸಕಲ ಸದ್ಭಕ್ತರಿಗೆ ಸದ್ಬುದ್ಧಿಯೂ ಸನ್ಮಂಗಳವೂ ಉಂಟಾಗಲೆಂದು ಹಾರೈಸುತ್ತೇವೆ.

ಇತ್ಯಾಶೀರ್ವಾದಗಳು.