ಶೇಷವೂ ನಿಶ್ಶೇಷವೂ

ಅರ್ಬುದವನ್ನು ನಿಶ್ಶೇಷವಾಗಿ ತೆಗೆಯದಿದ್ದರೆ, ಆರದೆ ಉಳಿದ ಬೆಂಕಿಯಂತೆ ಅದು ಮರಳಿ ಬೆಳೆದು ಕೊಲ್ಲುವುದೆಂದು ಸುಶ್ರುತಸಂಹಿತೆಯ ಅಭಿಪ್ರಾಯ. ಹೀಗಿರಲು, ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕೆ ಆ ಗ್ರಂಥಿಯ ಒಂದು ಭಾಗವನ್ನು ಮಾತ್ರ ಕೊಯ್ದು ತೆಗೆಯುವ ಕ್ರಮವು ಈಚೆಗೆ ಪರೀಕ್ಷೆಯಲ್ಲಿದೆಯೆಂದು ಕೇಳಿದ ವಾಚಕರಿಗೆ ಸಂದೇಹವುಂಟಾಗುವುದು ಸಹಜವೇ. ಈ ತಿಂಗಳು ಆ ಸಂದೇಹವನ್ನೇ ವಿಚಾರಿಸೋಣ.

ಈ ಗ್ರಂಥಿಯು ಪುರುಷರಿಗೆ ಮಾತ್ರ ಇರತಕ್ಕದ್ದು. ಯೌವನದಲ್ಲಿ ಅದು ಸಿಪ್ಪೆ ಸುಲಿಯದ ಅಡಕೆಯಷ್ಟಿದ್ದು, ಮೂತ್ರಾಶಯದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವುದು. ಮೂತ್ರವನ್ನು ತಡೆಯುವ ಸ್ನಾಯುವು ಅದರ ಕೆಳತುದಿಗೆ ಹತ್ತಿಕೊಂಡಿದೆ. ದಾಂಪತ್ಯಕ್ಕೆ ಬೇಕಾದ ನರಗಳು ಅದರ ಎರಡು ಪಕ್ಕಗಳಲ್ಲಿ ಹಾದುಹೋಗುತ್ತವೆ. ಆದುದರಿಂದ ಇಡೀ ಗ್ರಂಥಿಯನ್ನು ತೆಗೆದಾಗ ರೋಗವು ಹೋದರೂ ಕೆಲವರಿಗೆ ಮೂತ್ರವು ಸೋರುವುದು. ಅನೇಕರಿಗೆ ಪುಂಸ್ತ್ವವು ಕುಗ್ಗುವುದು. ಅಮೆರಿಕಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1904ರಲ್ಲಿ ಡಾಕ್ಟರ್ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬವರು ಈ ರೋಗಕ್ಕಾಗಿ ಗ್ರಂಥಿಯನ್ನು ಸಮೂಲವಾಗಿ ತೆಗೆದರು. ಅಲ್ಲಿಯೇ 1982ರಲ್ಲಿ ಡಾಕ್ಟರ್ ಪ್ಯಾಟ್ರಿಕ್ ವಾಲ್ಷ್ ಎಂಬವರು ಆ ನರಗಳನ್ನುಳಿಸಿ ಶಸ್ತ್ರಕ್ರಿಯೆ ಮಾಡುವ ಬಗೆಯನ್ನು ತೋರಿಸಿದರು. ನರಗಳೊಡನೆ ಗ್ರಂಥಿಯ ನಿರೋಗ ಭಾಗವನ್ನೂ ಉಳಿಸಬಹುದೇ ಎಂಬುದು ಈಗಿನ ಪ್ರಶ್ನೆ.

ತೊಡಕಿರುವುದು ಇಲ್ಲಿ. ಈ ಅರ್ಬುದವು ಅನೇಕ ವೇಳೆ ಬೀಜ ಚೆಲ್ಲಿದಂತೆ ಗ್ರಂಥಿಯ ಹಲವೆಡೆ ಹುಟ್ಟುತ್ತದೆ. ಎಂ.ಆರ್.ಐ. ಚಿತ್ರಕ್ಕೂ, ಸೂಜಿಯಿಂದ ತೆಗೆದ ಚೂರುಗಳ ಪರೀಕ್ಷೆಗೂ ಸಣ್ಣ ಗಂಟು ಕಾಣದೆ ಹೋಗಬಹುದು. ಮೇಲಾಗಿ, ಗ್ರಂಥಿಯನ್ನು ಪೂರ್ತಿ ತೆಗೆದರೆ ರಕ್ತದ ಪಿ.ಎಸ್.ಎ. ಎಂಬ ದ್ರವ್ಯವು ಇಲ್ಲವೆಂಬಷ್ಟಕ್ಕೆ ಇಳಿಯುವುದು. ಅದು ಪುನಃ ಏರಿದರೆ ರೋಗದ ಸುಳಿವು ಸಿಕ್ಕಿತು. ಗ್ರಂಥಿಯ ಭಾಗವುಳಿದರೆ ಆ ಭಾಗವೂ ಅದೇ ದ್ರವ್ಯವನ್ನು ಸ್ರವಿಸುವುದರಿಂದ ಸುಳಿವು ಮಸಕಾಗುವುದು. ಅಂತಹ ರೋಗಿಯು ರಕ್ತಪರೀಕ್ಷೆ, ಚಿತ್ರಪರೀಕ್ಷೆಗಳನ್ನು ವರ್ಷವರ್ಷವೂ ತಪ್ಪಿಸಲಾಗದು; ಮತ್ತೆ ಶಸ್ತ್ರಕ್ರಿಯೆ ಬೇಕಾದೀತೆಂಬುದನ್ನೂ ಮೊದಲೇ ತಿಳಿದಿರತಕ್ಕದ್ದು.

ಹಾಗಾದರೆ ಇದು ಸುಶ್ರುತಮತಕ್ಕೆ ವಿರುದ್ಧವೇ? ಅಲ್ಲವೆಂದು ನಮ್ಮ ಭಾವನೆ. ನಿಶ್ಶೇಷವಾಗಬೇಕಾದುದು ರೋಗ, ಅಂಗವಲ್ಲ. ಆದರೆ ರೋಗದ ಎಲ್ಲೆಯನ್ನು ನಿಶ್ಚಯಿಸಿದ ವೈದ್ಯನಿಗೆ ಮಾತ್ರ ಅಂಗಶೇಷವನ್ನುಳಿಸುವ ಅಧಿಕಾರವುಂಟು.

ರೋಗವು ಗ್ರಂಥಿಯೊಳಗೇ ಇರುವಾಗ ಆಲೋಚನೆಗೆ ಅವಕಾಶವುಂಟೆಂಬುದು ಸಮಾಧಾನದ ಮಾತು. ಬ್ರಿಟನ್ನಿನಲ್ಲಿ ಇಂತಹ 1643 ಮಂದಿಯನ್ನು ಶಸ್ತ್ರಕ್ರಿಯೆ, ಕಿರಣಚಿಕಿತ್ಸೆ, ಎಚ್ಚರದ ಕಾಯುವಿಕೆ ಎಂಬ ಮೂರು ಪಂಗಡಗಳಾಗಿ ವಿಂಗಡಿಸಿ ನೋಡಿದರು. ಸುಮಾರು 15 ವರ್ಷಗಳಲ್ಲಿ ಈ ರೋಗದಿಂದ ಮೃತರಾದವರು ಪ್ರತಿ ಪಂಗಡದಲ್ಲಿಯೂ ನೂರಕ್ಕೆ ಹೆಚ್ಚುಕಡಮೆ ಮೂವರೆಂದು 2023ರಲ್ಲಿ ಪ್ರಕಟವಾಯಿತು.

ಆದಕಾರಣ ಮನೆಯ ಹಿರಿಯರು ಇದನ್ನು ನಾಚಿಕೆಯ ರೋಗವೆಂದು ಮುಚ್ಚಿಡಬಾರದು. ಮನೆಯವರೂ ಹೆದರಿ ಆತುರಪಡಿಸಬಾರದು. ಪತ್ನಿಯನ್ನೋ ಮಕ್ಕಳನ್ನೋ ಜೊತೆಗೆ ಕರೆದೊಯ್ದು ವೈದ್ಯರನ್ನು ಎರಡು ಮಾತು ಕೇಳಲಿ: ರೋಗವು ಎಲ್ಲಿಯವರೆಗಿದೆ? ಉಳಿಸಿದುದನ್ನು ಕಾಯುವ ಬಗೆ ಹೇಗೆ? ಇವೆರಡಕ್ಕೂ ಸ್ಪಷ್ಟವಾದ ಉತ್ತರ ದೊರೆತ ಮೇಲೆ ಶಸ್ತ್ರಕ್ರಿಯೆಗೆ ಒಪ್ಪುವುದು ವಿಹಿತ.